ಅಳಿವೆಯ ಕೆಂಪು ಬಾವುಟ

ತದಡಿ
೯ ಡಿಸೆಂಬರ್ ೧೯೪೫

ಚಿರಂಜೀವಿ ಪಾಂಡುವಿಗೆ ಅಕ್ಕನ ಆಶೀರ್ವಾದ.

ನೀನು ಕಳಿಸಿದ ಬಿಸ್ಕೀಟಿನ ಡಬ್ಬಿ ಬಂತು. ಬಿಸ್ಕೀಟು ನನ್ನ ಶಾಲೆಯ ಹುಡುಗಿಯರ ಹೊಟ್ಟೆ ಸೇರಿತು, ಡಬ್ಬಿಯನ್ನು ಅಪ್ಪ ಎತ್ತಿಟ್ಟುಕೊಂಡಿದ್ದಾನೆ. ನೀನು ನೌಕಾಪಡೆಯ ಹಡಗಿನಲ್ಲಿ ದಿನಕ್ಕೆ ನೂರು ಬಾವುಟ ಏರಿಸಿ ಇಳಿಸಬಹುದು. ಆದರೆ ಮೊನ್ನೆ ಗುರುವಾರ ನಿನ್ನ ಅಪ್ಪ ಏರಿಸಿದ ಒಂದು ಬಾವುಟದ ಸುದ್ದಿ ಕೇಳು.

ಬಂದರು ಕಟ್ಟೆಯ ಕಂಬಕ್ಕೆ ಎರಡು ಹಗ್ಗ ಇದ್ದದ್ದು ನಿನಗೆ ನೆನಪಿದೆಯಲ್ಲ? ಒಂದು ಸಾಹೇಬರ ಬಾವುಟಕ್ಕೆ, ಒಂದು ಗಾಳಿ ಬರುವಾಗ ದೋಣಿಗಳನ್ನು ಒಳಗೆ ಕರೆಯುವ ಅಳಿವೆಯ ಬಾವುಟಕ್ಕೆ. ಅಳಿವೆಯ ಹಗ್ಗ ಈ ಮಳೆಗಾಲದಲ್ಲಿ ಕೊಳೆತು ಹೋಯಿತು. ಹೊಸದಕ್ಕೆ ಅಪ್ಪ ನನ್ನಿಂದ ಮೂರು ಅರ್ಜಿ ಬರೆಸಿದ, ಒಂದಕ್ಕೂ ಜವಾಬಿಲ್ಲ. ಗುರುವಾರ ಮಧ್ಯಾಹ್ನ ಸಮುದ್ರ ಎಣ್ಣೆ ಸುರಿದ ಹಾಗೆ ಸುಮ್ಮನೆ ಬಿದ್ದಿತ್ತು. ಅಪ್ಪ ಮಾತ್ರ ಊಟದ ಮಧ್ಯೆ ಎದ್ದು ಹೊರಗೆ ಹೋದವ ಒಳಗೆ ಬರಲೇ ಇಲ್ಲ. ಕುಮಟೆಯಿಂದ ತಂತಿ ಬಾರದೆ ಕೆಂಪು ಏರಿಸುವ ಹಾಗಿಲ್ಲ ಎಂದು ಬಂದರಿನ ಗುಮಾಸ್ತರು ಹೇಳಿದರಂತೆ. ಅವನು ಕೇಳಲಿಲ್ಲ. ಇದ್ದ ಒಂದೇ ಹಗ್ಗದಿಂದ ಸಾಹೇಬರ ಬಾವುಟ ಇಳಿಸಿದ, ಕೆಂಪು ಏರಿಸಿದ. ಹೊರಗಿದ್ದ ಹದಿನೇಳೂ ನಮ್ಮ ಕಡೆ ಬಂದವು. ಭಟ್ಕಳಕ್ಕೆ ಹೊರಟಿದ್ದ ಕುಪ್ಪ ತಾಂಡೇಲನ ಸರಕಿನ ಮಚವೆ ಕೂಡ ಅಳಿವೆಯ ಬಾಯಿಂದ ತಿರುಗಿ ಬಂತು. ಕೊನೆಯ ದೋಣಿ ಒಳಗೆ ಬಂದು ಅರ್ಧ ಗಂಟೆಯಾಗಿತ್ತೋ ಇಲ್ಲವೋ, ಗಾಳಿ ಶುರುವಾಯಿತು ನೋಡು. ಶಾಲೆಯ ಹೆಂಚು ಹಾರಿ ಹೋದವು.

ಮಾರನೇ ದಿನ ಗುಮಾಸ್ತರು ಬಂದು, ರಾಜನ ಬಾವುಟ ಇಳಿಸಿದ್ದು ಮೇಲಿನವರಿಗೆ ತಿಳಿದರೆ ಇಬ್ಬರಿಗೂ ಉಳಿಗಾಲವಿಲ್ಲ, ಏನೂ ಆಗಿಲ್ಲ ಎಂದೇ ಇರಲಿ ಎಂದು ಹೇಳಿ ಹೋದರು. ಹಾಗಾಗಿ ನೀನೂ ಯಾರಲ್ಲೂ ಹೇಳಬೇಡ.

ಅಪ್ಪ ಹೀಗೆ ಮಾಡಿಯಾನು ಎಂದು ನಾನು ಎಣಿಸಿರಲಿಲ್ಲ. ನೀನೂ ಅವನ ಮಗನೇ ಅಲ್ಲವೇ? ಹಡಗಿನಲ್ಲಿ ಎಲ್ಲದಕ್ಕೂ ಅಪ್ಪಣೆ ಕೇಳಿ ಕೇಳಿ ನಿನ್ನ ಕುತ್ತಿಗೆ ಬಗ್ಗಿ ಹೋಗಿರಬೇಕು. ಗಾಳಿ ಬಂದಾಗ ನೀನೂ ಯಾರನ್ನೂ ಕೇಳುತ್ತ ಕೂರಬೇಡ, ಇಳಿಸುವುದನ್ನು ಇಳಿಸು, ಏರಿಸುವುದನ್ನು ಏರಿಸು.

ನಿನ್ನ ಅಕ್ಕ
ನರ್ಮದಾ


ಮುಂಬಯಿ
೩೦ ಡಿಸೆಂಬರ್ ೧೯೪೫

ಅಕ್ಕೋರ ಪಾದಕ್ಕೆ ವಿದ್ಯಾರ್ಥಿ ಪಾಂಡುವಿನ ನಮಸ್ಕಾರ.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆ ಎಂದು ಹೇಳಿದರೆ ನೀನು ಉಬ್ಬಿ ಹೋಗುತ್ತೀಯ, ಅದಕ್ಕೆ ಹೇಳುವುದಿಲ್ಲ. ಅಪ್ಪನಿಗೆ ಹೇಳು, ಅವನ ಮಗನಿಗೆ ನಗು ಬಂತು, ಆಮೇಲೆ ನಗು ನಿಂತಿತು.

ಸಾಹೇಬರ ಬಾವುಟದಲ್ಲಿ ಅಷ್ಟೊಂದು ಗೀಟು ಯಾಕೆ ಎಂದು ಅಪ್ಪ ಹಿಂದೊಮ್ಮೆ ನಿನ್ನಿಂದ ಬರೆಸಿ ಕೇಳಿಸಿದ್ದನಲ್ಲ, ಈಗ ನನಗೆ ಗೊತ್ತಾಗಿದೆ. ಅದು ಒಂದು ಬಾವುಟವಲ್ಲ, ಮೂರು. ಇಂಗ್ಲೆಂಡಿನದು, ಸ್ಕಾಟ್ಲೆಂಡಿನದು, ಐರ್ಲೆಂಡಿನದು. ಒಂದೊಂದು ರಾಜ್ಯ ಸೇರಿದಂತೆ ಅದರ ಶಿಲುಬೆಯನ್ನು ತಂದು ಹಳೆಯದರ ಮೇಲೆ ಹೊಲಿದರು. ಅದಕ್ಕೆ ತಲೆ ಕಾಲು ಬೇರೆ ಇದೆ. ಕಂಬದ ಬದಿಗೆ ಅಗಲದ ಬಿಳಿ ಪಟ್ಟಿ ಮೇಲಿರಬೇಕು. ತಲೆಕೆಳಗಾಗಿ ಏರಿಸಿದರೆ ಅಪಾಯದಲ್ಲಿದ್ದೇವೆ, ಬನ್ನಿ ಎಂದು ಅರ್ಥ. ನಮ್ಮ ಹಡಗಿನದು ಬಿಳಿಯ ಬಾವುಟ, ನಡುವೆ ಉದ್ದಕ್ಕೂ ಅಡ್ಡಕ್ಕೂ ಕೆಂಪು ಶಿಲುಬೆ, ಮೂಲೆಯಲ್ಲಿ ಆ ಮೂರರ ಬಾವುಟ. ಬೆಳಿಗ್ಗೆ ಎಂಟಕ್ಕೆ ಏರಿಸುವಾಗ ಇಡೀ ಹಡಗು ಸೆಟೆದು ನಿಲ್ಲುತ್ತದೆ. ಹಗ್ಗ ಹಿಡಿದವ ಮಾತ್ರ ಅಲುಗಾಡಬಹುದು, ಅವನು ನಾನು. ಯುದ್ಧದಲ್ಲಿ ಇದು ಕೆಳಗೆ ಬಂದರೆ ಹಡಗು ಸೋತಿತು ಎಂದೇ ಲೆಕ್ಕ. ಹಾಗಾಗಿ ಕಾದುವಾಗ ಗುಂಡು ತಾಗಿ ಬಿದ್ದೀತೆಂದು ಎರಡು ಮೂರು ಕಡೆ ಕಟ್ಟುತ್ತಿದ್ದರಂತೆ.

ಅದರ ಮೂಲೆಯಲ್ಲಿ ನಮ್ಮದೇನಾದರೂ ಇದೆಯೇ ಎಂದು ನೋಡುತ್ತೇನೆ. ಇಲ್ಲ. ಯುದ್ಧಕ್ಕೆ ನಾವು ಬೇಕಾಗಿದ್ದೆವು, ಹೊಲಿಗೆಗೆ ಬೇಡ. ಯುದ್ಧ ಮುಗಿದ ಮೇಲೆ ಅನ್ನದಲ್ಲಿ ಕಲ್ಲು ಜಾಸ್ತಿಯಾಗಿದೆ, ಬೈಗುಳವೂ ಜಾಸ್ತಿಯಾಗಿದೆ. ನಮ್ಮ ಅಧಿಕಾರಿಯೊಬ್ಬ ನಮ್ಮನ್ನು ಕರೆಯುವ ಹೆಸರನ್ನು ನಿನಗೆ ಬರೆಯಲಾರೆ. ಹುಡುಗರು ಗುಸುಗುಸು ಮಾತಾಡುತ್ತಾರೆ. ನಾನು ಕೇಳಿಸಿಕೊಳ್ಳುತ್ತೇನೆ.

ನಿನ್ನ ತಮ್ಮ
ಪಾಂಡು


ತದಡಿ
೨೭ ಫೆಬ್ರುವರಿ ೧೯೪೬

ಪಾಂಡು,

ಇದು ನಾಲ್ಕನೇ ಕಾಗದ. ಮೂರಕ್ಕೂ ಉತ್ತರವಿಲ್ಲ. ಮುಂಬಯಿಯಲ್ಲಿ ಹಡಗಿನ ಹುಡುಗರು ದಂಗೆ ಎದ್ದರು, ಬೀದಿಯಲ್ಲಿ ಗುಂಡು ಹಾರಿತು ಎಂದು ಕುಮಟೆಯಿಂದ ಬಂದ ಪತ್ರಿಕೆಯಲ್ಲಿ ಓದಿದೆ. ಹಡಗುಗಳ ಮೇಲಿನ ಬಿಳಿ ಬಾವುಟ ಹೋಗಿ ಚರಕದ ಬಾವುಟ, ಚಂದ್ರನ ಹಸಿರು ಬಾವುಟ, ಕಮ್ಯುನಿಸ್ಟರ ಕೆಂಪು ಬಾವುಟ ಮೂರೂ ಒಟ್ಟಿಗೆ ಹಾರಿದವಂತೆ. ಕೊನೆಗೆ ಶರಣಾಗತಿಗೆ ಕಪ್ಪು ಬಾವುಟ ಏರಿತಂತೆ.

ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಅವನು ಕೇಳಿದ್ದು ಸತ್ತವರ ಹೆಸರು ಇದೆಯೇ ಎಂದು ಮಾತ್ರ. ಇಲ್ಲ ಎಂದೆ. ಅಂದಿನಿಂದ ಟಪಾಲಿನ ದೋಣಿ ಬರುವ ಹೊತ್ತಿಗೆ ಕಂಬದ ಬುಡ ಬಿಟ್ಟು ದೋಣಿ ತಾಗುವ ಧಕ್ಕೆಗೆ ಹೋಗಿ ನಿಲ್ಲುತ್ತಾನೆ. ಇಪ್ಪತ್ತೆಂಟು ವರ್ಷದಲ್ಲಿ ಅವನು ಕೆಲಸದ ಹೊತ್ತಿನಲ್ಲಿ ಕಂಬ ಬಿಟ್ಟು ಹೋದದ್ದನ್ನು ನಾನು ಕಂಡಿಲ್ಲ.

ಒಂದು ಸಾಲು ಬರೆ. ಬರಿಯ ಹೆಸರು ಬರೆದು ಕಳಿಸಿದರೂ ಸಾಕು.

ನರ್ಮದಾ


ಶಿಬಿರದಿಂದ
೧೯ ಮಾರ್ಚ್ ೧೯೪೬

ಅಕ್ಕಾ,

ಬದುಕಿದ್ದೇನೆ. ಇದು ಸರಕಾರಿ ಟಪಾಲಿನಲ್ಲಿ ಬರುತ್ತಿಲ್ಲ. ನಮ್ಮ ಶಿಬಿರದ ಬಟ್ಟೆ ಒಗೆಯಲು ಒಯ್ಯುವವ ಕುಮಟೆಯ ಕಡೆಯ ಲಿಂಗಪ್ಪ. ಅವನು ಹೊರಗೆ ಹೋಗಿ ಹಾಕುತ್ತಾನೆ. ನೀನೂ ಅವನ ವಿಳಾಸಕ್ಕೇ ಬರೆ, ಹಿಂಬದಿಗೆ ಬರೆದಿದ್ದೇನೆ.

ನಡೆದದ್ದು ಇಷ್ಟು. ಫೆಬ್ರುವರಿ ಹತ್ತೊಂಬತ್ತನೇ ತಾರೀಕು ಬೆಳಿಗ್ಗೆ ನಮ್ಮ ಹಡಗಿನ ಹುಡುಗರೂ ಊಟ ಬಿಟ್ಟರು, ಕೆಲಸ ಬಿಟ್ಟರು. ಎಲ್ಲರೂ ಮೇಲೆ ಬಂದು ಸೇರಿದರು. ಬಾವುಟ ಇಳಿಯಿತು. ನಾಲ್ಕು ದಿನ ನಾವು ನಮ್ಮ ರಾಜರಾಗಿದ್ದೆವು. ಐದನೆಯ ದಿನ ಹೊರಗಿನ ನಾಯಕರ ಮಾತು ಕೇಳಿ ಶರಣಾದೆವು. ಆಮೇಲೆ ನಮ್ಮನ್ನೆಲ್ಲ ಇಲ್ಲಿಗೆ ತಂದು ತುಂಬಿದರು.

ಬರಿಯ ದಂಗೆಯಲ್ಲಿದ್ದವರನ್ನು ಕೆಲಸದಿಂದ ತೆಗೆದು ಮನೆಗೆ ಅಟ್ಟುತ್ತಾರಂತೆ. ಮೊದಲೇ ಹೊಂಚು ಹಾಕಿದ ಮುಂದಾಳುಗಳಿಗೆ ಜೈಲು. ಅಕ್ಕಾ, ನನ್ನನ್ನು ಮುಂದಾಳು ಎನ್ನುತ್ತಿದ್ದಾರೆ. ಅದಕ್ಕೆ ಸಾಕ್ಷಿ ನಿನ್ನ ಡಿಸೆಂಬರಿನ ಕಾಗದ.

ಅದು ಅವರ ಕೈಗೆ ಸಿಕ್ಕಿತು. ಒಬ್ಬ ಭಾಷಾಂತರಕಾರ ಅದನ್ನು ಇಂಗ್ಲಿಷಿಗೆ ಮಾಡಿದ್ದಾನೆ. ಅವನು ಘಟ್ಟದ ಮೇಲಿನವನು, ಅಳಿವೆ ಕಂಡವನಲ್ಲ. ಕೆಂಪು ಬಾವುಟ ಎಂದರೆ ಕಮ್ಯುನಿಸ್ಟರ ಬಾವುಟ ಎಂದು ಬರೆದಿದ್ದಾನೆ. ‘ಹೊರಗಿದ್ದ ಹದಿನೇಳೂ ನಮ್ಮ ಕಡೆ ಬಂದವು’ ಎಂಬುದಕ್ಕೆ, ಹದಿನೇಳು ಹಡಗುಗಳು ನಮ್ಮ ಪಕ್ಷ ಸೇರಿವೆ ಎಂದು ಅರ್ಥ ಮಾಡಿದ್ದಾನೆ. ಹೊಳೆಯ ಈಚೆ ದಂಡೆಗೆ ನಾವು ನಮ್ಮ ಕಡೆ ಎನ್ನುತ್ತೇವೆ, ಆಚೆ ದಂಡೆಯ ಅಘನಾಶಿನಿ ಊರಿಗೆ ಆಚೆ ಕಡೆ ಎನ್ನುತ್ತೇವೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಗಾಳಿ ಎಂದರೆ ದಂಗೆ. ‘ಯಾರಲ್ಲೂ ಹೇಳಬೇಡ’ ಎಂಬುದರ ಕೆಳಗೆ ಎರಡು ಗೀಟು ಎಳೆದಿದ್ದಾರೆ. ಕೊನೆಯ ಸಾಲಿನ ಕೆಳಗೆ ಮೂರು.

ನಿಜವಾಗಿ ಗಾಳಿ ಬಂದಿತ್ತೇ ಎಂದು ತಿಳಿಯಲು ಅವರು ನಿಮ್ಮ ಬಂದರಿಗೆ ತಂತಿ ಕೊಟ್ಟಿದ್ದರು. ಬಂದರಿನ ದಿನವಹಿ ಪುಸ್ತಕ ನೋಡಿ ಉತ್ತರ ಬಂದಿದೆ: ಆ ದಿನ ವಿಶೇಷವಿಲ್ಲ, ಯಾವ ಬಾವುಟವೂ ಇಳಿದಿಲ್ಲ, ಏರಿಲ್ಲ. ಹಾಗಾದರೆ ನಿನ್ನ ಅಕ್ಕನ ಗಾಳಿ ಯಾವ ಗಾಳಿ ಎಂದು ಕೇಳುತ್ತಾರೆ. ಅಪ್ಪನ ಹೆಸರು ಹೊರಬರಬಾರದೆಂದು, ನನ್ನ ಅಕ್ಕ ಕಥೆ ಕಟ್ಟುವವಳು, ನನ್ನನ್ನು ನಗಿಸಲು ಬರೆದಳು ಎಂದು ಹೇಳಿದೆ. ಯಾರೂ ನಗಲಿಲ್ಲ.

ಇದನ್ನು ಬರೆದದ್ದು ಯಾಕೆಂದರೆ ಅಲ್ಲಿಗೂ ಯಾರಾದರೂ ಕೇಳಲು ಬಂದಾರು. ನಿನಗೆ ಏನೂ ಗೊತ್ತಿಲ್ಲ. ಅಪ್ಪ ಬಾಯಿ ಬಿಡಬಾರದು. ಇನ್ನೊಂದು ವರ್ಷಕ್ಕೆ ಅವನು ಮರ್ಯಾದೆಯಿಂದ ಕೆಲಸದಿಂದ ಇಳಿಯುವವನು.

ಪಾಂಡು


ತದಡಿ
೪ ಏಪ್ರಿಲ್ ೧೯೪೬

ಪಾಂಡು,

ನಿನ್ನ ಕಾಗದ ಬಂದ ದಿನ ನಾನು ಶಾಲೆಗೆ ಹೋಗಲಿಲ್ಲ. ನನ್ನ ಕೈಯನ್ನೇ ನೋಡುತ್ತ ಕುಳಿತಿದ್ದೆ. ಈ ಕೈ ತಮಾಷೆಗೆಂದು ಗೀಚಿದ್ದು ನಿನ್ನ ಕುತ್ತಿಗೆಗೆ ಬಂದಿದೆ. ಬರೆಯಲು ಬರುತ್ತದೆ ಎಂಬ ಸೊಕ್ಕು ನನಗೆ.

ಅಪ್ಪನಿಗೆ ಓದಿ ಹೇಳದೆ ನಿರ್ವಾಹವಿರಲಿಲ್ಲ. ನಾನು ಬಿಟ್ಟು ಓದಿದರೆ ಅವನಿಗೆ ಗೊತ್ತಾಗುತ್ತದೆ. ‘ಬಾವುಟ ಇಳಿಯಿತು’ ಎಂಬಲ್ಲಿ ಕೈ ಎತ್ತಿ ನಿಲ್ಲಿಸಿದ, ಇನ್ನೊಮ್ಮೆ ಓದು ಎಂದ. ಓದಿದೆ. ಮುಂದೆ ಹೋಗು ಎಂದ. ಮುಗಿದ ಮೇಲೆ ಅವನು ಕುಮಟೆಗೆ ಹೋಗುತ್ತೇನೆ ಎಂದು ಎದ್ದೇಬಿಟ್ಟ. ನಾನು ಬಾಗಿಲಿಗೆ ಅಡ್ಡ ನಿಂತೆ. ಬೇರೆ ದಾರಿ ಹುಡುಕುತ್ತೇನೆ, ಎರಡು ವಾರ ತಡೆ ಎಂದು ಕಾಲು ಹಿಡಿದೆ.

ಗುಮಾಸ್ತರಿಗೆ ಹೊನ್ನಾವರಕ್ಕೆ ವರ್ಗವಾಗಿದೆ. ಕುಮಟೆಯಿಂದ ಇದ್ದಿಲಿನಿಂದ ಓಡುವ ಬಸ್ಸು ಹತ್ತಿ ಹೋದೆ. ಹಳದೀಪುರದ ಏರಿನಲ್ಲಿ ಎಲ್ಲರೂ ಇಳಿದು ನೂಕಬೇಕಾಯಿತು. ದಿನವಹಿಯಲ್ಲಿ ತಪ್ಪಾಗಿದೆ ಎಂದು ಒಂದು ಚೀಟಿ ಬರೆದುಕೊಡಿ ಎಂದು ಬೇಡಿದೆ. ಅವರು ಒಳ್ಳೆಯವರು, ಪಾಂಡು. ಒಳಗಿಂದ ಮಜ್ಜಿಗೆ ತರಿಸಿ ಕೊಟ್ಟರು. ಆಮೇಲೆ, ನಿಮ್ಮ ತಂದೆಯನ್ನು ಉಳಿಸಲಿಕ್ಕೆ ಸುಳ್ಳು ಬರೆದೆ, ಈಗ ಅದು ಸುಳ್ಳು ಎಂದು ಬರೆದರೆ ನನ್ನ ಐದು ಮಕ್ಕಳು ಬೀದಿಗೆ ಬೀಳುತ್ತಾರೆ ಎಂದರು. ಮಜ್ಜಿಗೆ ಕುಡಿದು ಎದ್ದೆ.

ಅಲ್ಲಿಂದ ಶರಾವತಿ ದಾಟಿ ಭಟ್ಕಳಕ್ಕೆ ಹೋದೆ. ಕುಪ್ಪ ತಾಂಡೇಲ ಬಂದರಿನಲ್ಲಿ ಮಚವೆಗೆ ಎಣ್ಣೆ ಬಳಿಯುತ್ತಿದ್ದ. ವಿಷಯ ಹೇಳುವ ಮೊದಲೇ, ನಿನ್ನ ಅಪ್ಪನಿಂದ ಒಂಬತ್ತು ಜನ ಉಳಿದೆವು, ಎಲ್ಲಿ ಬೇಕಾದರೂ ಬಂದು ಹೇಳುತ್ತೇನೆ ಎಂದ. ನನಗೆ ಜೀವ ಬಂದಂತಾಯಿತು. ಕೆಂಪು ಬಾವುಟ ಕಂಡೆ ಎಂದಷ್ಟೇ ಹೇಳು, ಸಾಹೇಬರ ಬಾವುಟದ ಸುದ್ದಿ ಎತ್ತಬೇಡ ಎಂದೆ. ಅವನು ಕುಂಚ ಕೆಳಗಿಟ್ಟ.

“ಅಕ್ಕೋರೆ, ಕಂಬದ ಮೇಲೆ ಬರೀ ಕೆಂಪು ಇತ್ತು, ಅದ್ಕೇ ನಾ ತಿರುಗಿದ್ದು. ಪ್ರಮಾಣ ಮಾಡಿ ಅರ್ಧ ಕಂಡೆ ಅಂತ ಹೇಳೂಕೆ ಆತದ್ಯೆ?”

ಕೇಳುವವರೂ ಸುಮ್ಮನಿರುವುದಿಲ್ಲ. ಇನ್ನೊಂದು ಬಾವುಟ ಎಲ್ಲಿತ್ತು ಎಂದು ಕೇಳಿಯೇ ಕೇಳುತ್ತಾರೆ. ಕೆಂಪು ಏರಿದ್ದು ನಿಜ ಎಂದರೆ ರಾಜನದು ಇಳಿದದ್ದೂ ನಿಜ. ಎರಡನ್ನೂ ಬಿಡಿಸುವ ಉಪಾಯ ನನಗೆ ಕಾಣುವುದಿಲ್ಲ. ನಿನ್ನನ್ನು ಬಿಡಿಸಿದರೆ ಅಪ್ಪ ಸಿಕ್ಕಿಬೀಳುತ್ತಾನೆ, ಅಪ್ಪನನ್ನು ಮುಚ್ಚಿಟ್ಟರೆ ನೀನು ಒಳಗೆ ಹೋಗುತ್ತೀಯ. ಎರಡು ವಾರ ಮುಗಿಯುತ್ತ ಬಂತು.

ನರ್ಮದಾ


ಶಿಬಿರದಿಂದ
೧೩ ಏಪ್ರಿಲ್ ೧೯೪೬

ಅಕ್ಕಾ,

ನೀನು ಹೊನ್ನಾವರ, ಭಟ್ಕಳ ಎಂದು ಸುತ್ತುವುದನ್ನು ಮೊದಲು ನಿಲ್ಲಿಸು. ನಾನು ಕೇಳಿದ್ದು ಸುಮ್ಮನಿರಿ ಎಂದು. ಅದೊಂದು ನಿಮ್ಮಿಬ್ಬರಿಂದ ಆಗುವುದಿಲ್ಲ.

ವಿಚಾರಣೆ ಮೇ ತಿಂಗಳ ಮೊದಲ ವಾರ. ಹೆಚ್ಚೆಂದರೆ ಎರಡು ವರ್ಷ ಒಳಗಿಡುತ್ತಾರೆ. ನನಗೆ ಇಪ್ಪತ್ತಮೂರು, ಹೊರಗೆ ಬಂದಾಗ ಇಪ್ಪತ್ತೈದು. ಅಪ್ಪನಿಗೆ ಆ ಕಂಬ ಬಿಟ್ಟರೆ ಏನಿದೆ? ಅವನು ನನ್ನ ಸಲುವಾಗಿ ಹೋಗಿ ನಿಂತರೆ ನಾನು ಅದನ್ನು ಹೊರಲಾರೆ. ಯಾಕೆ ಎಂದು ಕೇಳಬೇಡ. ಅವನನ್ನು ಕಟ್ಟಿಹಾಕು, ಒಳಗೆ ಕೂಡಿಹಾಕು, ಏನಾದರೂ ಮಾಡು.

ಪಾಂಡು


ತದಡಿ
೨೨ ಏಪ್ರಿಲ್ ೧೯೪೬

ಪಾಂಡು,

ನಿನ್ನ ಕಾಗದ ಬರುವುದಕ್ಕಿಂತ ನಾಲ್ಕು ದಿನ ಮೊದಲೇ ಅಪ್ಪ ಹೋಗಿಯಾಗಿತ್ತು. ನಾನು ಶಾಲೆಯಲ್ಲಿದ್ದೆ. ಅವನು ನೌಕರಿಯ ಹಿತ್ತಾಳೆ ಬಿಲ್ಲೆ ಉಜ್ಜಿ ಪಟ್ಟಿಗೆ ಸಿಕ್ಕಿಸಿಕೊಂಡು ಹೊರಟದ್ದನ್ನು ನೆರೆಮನೆಯ ಮಾದಿ ನೋಡಿ ಓಡಿ ಬಂದು ಹೇಳಿದಳು. ನಾನು ಕುಮಟೆಯ ಬಂದರು ಕಚೇರಿ ಮುಟ್ಟುವಾಗ ಅವನು ಒಳಗೆ ನಿಂತು ಹೇಳುತ್ತಿದ್ದ, ಕಾರಕೂನ ಬರೆದುಕೊಳ್ಳುತ್ತಿದ್ದ. ನನ್ನನ್ನು ಬಾಗಿಲಲ್ಲೇ ತಡೆದರು.

ಎಲ್ಲವನ್ನೂ ಒಂದೂ ಬಿಡದೆ ಹೇಳಿದ. ಕೊಳೆತ ಹಗ್ಗ, ಮೂರು ಅರ್ಜಿ, ಬಾರದ ತಂತಿ, ಹದಿನೇಳು ದೋಣಿ, ನಮ್ಮ ಕಡೆ ಎಂದರೆ ಯಾವ ಕಡೆ ಎಂಬುದನ್ನೂ. ಗುಮಾಸ್ತರಿಗೆ ಆ ದಿನ ಜ್ವರ, ಏನೂ ಆಗಿಲ್ಲ ಎಂದು ನಾನೇ ಸುಳ್ಳು ಹೇಳಿ ಬರೆಸಿದೆ ಎಂದ. ಅವರಿಗೆ ಜ್ವರವೂ ಇರಲಿಲ್ಲ, ಏನೂ ಇರಲಿಲ್ಲ. ನನ್ನ ಕಾಗದದ ಸಂಗತಿಯನ್ನೂ ಅವನ ಬಾಯಿಂದಲೇ ಕೇಳಿ, ಕೊನೆಯ ಸಾಲು ಬರೆದ ಮಗಳು ಹೊರಗಿದ್ದಾಳೆಯೇ, ಅವಳನ್ನು ಕರೆಯಿರಿ ಎಂದರು ಅಧಿಕಾರಿ. ಅಪ್ಪ, ಅವಳು ಬರೀ ಕೈ, ಆ ಮಾತು ನನ್ನದು, ಅಳಿವೆಯಲ್ಲಿ ಗಾಳಿ ಬಂದಾಗ ಹೇಗಿರಬೇಕೆಂದು ಮಗನಿಗೆ ಬುದ್ಧಿ ಹೇಳಿಸಿದೆ ಎಂದ. ಪ್ರಮಾಣ ಮಾಡಿದ. ಆ ಸಾಲು ನಾನೇ ಬರೆದದ್ದು, ನಿನ್ನ ಮಾರ್ಚಿನ ಕಾಗದ ಬರುವ ತನಕ ಅಪ್ಪನಿಗೆ ಅದು ಗೊತ್ತೇ ಇರಲಿಲ್ಲ ಎಂದು ನಿನಗೂ ನನಗೂ ಗೊತ್ತು. ನಾನು ಬಾಗಿಲ ಹೊರಗೆ ನಿಂತು ಸುಮ್ಮನೆ ಕೇಳಿದೆ. ಒಳಗೆ ಹೋಗಿ ಬರೆದವಳು ನಾನು ಎಂದು ಹೇಳಲಿಲ್ಲ. ಇದನ್ನು ಯಾವ ದೇವರ ಮುಂದೆ ಹೇಳಿಕೊಳ್ಳಲಿ?

ರಾಜನ ಬಾವುಟ ಇಳಿಸಲು ನಿನಗೆ ಎಷ್ಟು ಧೈರ್ಯ ಎಂದು ಅಧಿಕಾರಿ ಕೇಳಿದರು. ಜೋರಾಗಿ ಏನೂ ಕೇಳಲಿಲ್ಲ, ಅವರಿಗೂ ಆಶ್ಚರ್ಯವೇ ಆಗಿರಬೇಕು.

“ಅದ್ನ ನೋಡಿ ಯಾವ ದೋಣಿಯೂ ತಿರುಗೂದಿಲ್ಲ, ರಾಯ್ರೆ. ಕೆಂಪು ನೋಡಿದ್ರೆ ತಿರುಗ್ತವೆ.”

ಹೆಬ್ಬೆಟ್ಟು ಒತ್ತಿಸಿಕೊಂಡರು. ಕುಪ್ಪನ ಹೇಳಿಕೆಯನ್ನೂ ಭಟ್ಕಳದಿಂದ ತರಿಸಿ ಸೇರಿಸುತ್ತಾರಂತೆ. ಬಿಲ್ಲೆ, ಪಟ್ಟಿ, ಬಾವುಟದ ಪೆಟ್ಟಿಗೆಯ ಬೀಗದ ಕೈ ಅಲ್ಲೇ ಇಡಿಸಿಕೊಂಡರು. ಮೊದಲು ಅಮಾನತು, ಆಮೇಲೆ ವಜಾ. ಮನೆಗೆ ಬರುವಾಗ ದೋಣಿಯಲ್ಲಿ ಅವನು ಕಂಬದ ಕಡೆ ಬೆನ್ನು ಹಾಕಿ ಕುಳಿತ.

ನೀನು ಯಾಕೆ ಎಂದು ಕೇಳಬೇಡ ಎಂದಿದ್ದೀಯ. ಕೇಳುವುದಿಲ್ಲ. ಹೇಳಿಕೆ ಮೊಹರು ಬಿದ್ದು ಮುಂಬಯಿಗೆ ಹೊರಟಿದೆ. ಅದು ವಿಚಾರಣೆಗೆ ಮೊದಲು ಮುಟ್ಟಲಿ ಎಂದು ಬೇಡುತ್ತಿದ್ದೇನೆ.

ನರ್ಮದಾ


ಮುಂಬಯಿ
೧೭ ಮೇ ೧೯೪೬

ಅಕ್ಕಾ,

ಮುಟ್ಟಿತು. ನನ್ನನ್ನು ಬಿಟ್ಟಿದ್ದಾರೆ. ಮುಂದಾಳು ಎಂಬ ಆರೋಪ ಬಿದ್ದುಹೋಯಿತು. ಕೆಲಸದಿಂದ ತೆಗೆದು, ಸಮವಸ್ತ್ರ ಕಳಚಿಸಿ ಹೊರಗೆ ಅಟ್ಟಿದರು. ಈಗ ಲಿಂಗಪ್ಪನ ಕೋಣೆಯಲ್ಲಿ ಅವನದೇ ಅಂಗಿ ಹಾಕಿಕೊಂಡು ಬರೆಯುತ್ತಿದ್ದೇನೆ.

ಅಪ್ಪನ ಹೇಳಿಕೆಯನ್ನು ವಿಚಾರಣೆಯಲ್ಲಿ ಓದಿದರು. ನಮ್ಮ ಕಡೆ ಎಂದರೆ ಹೊಳೆಯ ಈಚೆ ದಂಡೆ ಎಂಬಲ್ಲಿಗೆ ಬಂದಾಗ ಅಧಿಕಾರಿಗಳೇ ನಕ್ಕುಬಿಟ್ಟರು. ಭಾಷಾಂತರಕಾರನ ಮುಖ ಸಣ್ಣದಾಯಿತು. ನಡುವೆ ಕುಳಿತ ಮುದುಕ, ಹಳೆಯ ಸಮುದ್ರದವನು, ನಗಲಿಲ್ಲ. ಆ ಹದಿನೇಳು ದೋಣಿಯಲ್ಲಿ ಜನ ಎಷ್ಟಿದ್ದರು ಎಂದು ಕೇಳಿದ. ಎಪ್ಪತ್ತರ ಮೇಲೆ ಇದ್ದಾರು ಎಂದೆ. ಕಾಗದ ಪಕ್ಕಕ್ಕಿಟ್ಟ. ಅಷ್ಟಕ್ಕೇ ಮುಗಿಯಿತು.

ಈಗ ನಿನಗೆ ಒಂದು ಮಾತು ಹೇಳಬೇಕು. ಹೇಳದೆ ಊರಿಗೆ ಬರಲಾರೆ.

ಫೆಬ್ರುವರಿ ಹತ್ತೊಂಬತ್ತರ ಬೆಳಿಗ್ಗೆ ಎಂಟಕ್ಕೆ ಎಂದಿನಂತೆ ನಾನೇ ಬಿಳಿ ಬಾವುಟ ಏರಿಸಿದ್ದೆ. ಹುಡುಗರು ಮೇಲೆ ಬಂದು ಸೇರಿದಾಗ ಹಗ್ಗದ ಹತ್ತಿರ ಇದ್ದವ ನಾನೊಬ್ಬ. ಇಳಿಸು ಎಂದು ಯಾರೂ ಹೇಳಲಿಲ್ಲ. ಹೇಳಬೇಕಾದ ಮುಂದಾಳು ಇನ್ನೊಂದು ಹಡಗಿನಲ್ಲಿದ್ದ, ಅವನು ಬರುವ ತನಕ ಕಾಯುವುದೆಂದು ಮಾತಾಗಿತ್ತು. ಎದುರಿಗೆ ಅಧಿಕಾರಿ ನಿಂತು ನನ್ನನ್ನೇ ನೋಡುತ್ತಿದ್ದ. ನೂರು ಜನರ ಉಸಿರು ಕೇಳುತ್ತಿತ್ತು. ನಿನ್ನ ಕಾಗದ ಅವರಿಗೆ ಪೆಟ್ಟಿಗೆಯಲ್ಲಿ ಸಿಕ್ಕಿದ್ದಲ್ಲ, ನನ್ನ ಜೇಬಿನಲ್ಲಿ ಸಿಕ್ಕಿದ್ದು. ಎರಡು ತಿಂಗಳಿನಿಂದ ಅಲ್ಲೇ ಇತ್ತು. ಅದರ ಕೊನೆಯ ಸಾಲು ನನಗೆ ಬಾಯಿಪಾಠವಾಗಿತ್ತು. ಇದೇ ಗಾಳಿ ಎಂದುಕೊಂಡೆ. ಯಾರನ್ನೂ ಕೇಳದೆ ಇಳಿಸಿದೆ.

ನಾನು ಇಳಿಸಿದ್ದನ್ನು ಅವರೂ ಕಂಡಿದ್ದರು, ಮೊದಲೇ ಹೊಂಚಿದ್ದೆನೇ ಎಂಬುದಷ್ಟೇ ವಿಚಾರಣೆ. ಭಾಷಾಂತರಕಾರ ತಪ್ಪು ಓದಿದ ಎಂದು ಎಲ್ಲರೂ ನಕ್ಕರಲ್ಲ, ಆ ಕೊನೆಯ ಸಾಲನ್ನು ಮಾತ್ರ ಅವನು, ನಾನು ಓದಿದ ಹಾಗೆಯೇ ಓದಿದ್ದ. ಅದು ಹಾಗಲ್ಲ ಎಂದು ಅಪ್ಪ ದೇವರ ಹೆಸರೆತ್ತಿ ಪ್ರಮಾಣ ಮಾಡಿದ, ಕಂಬ ಕಳೆದುಕೊಂಡ. ನಾನು ಕೈಕಟ್ಟಿ ನಿಂತು ಕೇಳಿಸಿಕೊಂಡೆ, ಬಿಡುಗಡೆಯಾದೆ. ಇದಕ್ಕೇ ಅವನು ಹೋಗುವುದು ಬೇಡ ಎಂದು ನಿನಗೆ ಬಡಕೊಂಡದ್ದು.

ಅಪ್ಪನಿಗೆ ಇದನ್ನು ಓದಿ ಹೇಳಬೇಡ. ಆರಾಮ ಇದ್ದೇನೆ, ಇಲ್ಲೇ ಗಿರಣಿಯಲ್ಲಿ ಕೆಲಸ ಹುಡುಕುತ್ತೇನೆ ಎಂದು ಹೇಳು. ಅವನ ಮುಖ ನೋಡುವ ಧೈರ್ಯ ನನಗಿಲ್ಲ.

ನಿನ್ನ ತಮ್ಮ
ಪಾಂಡು


ತದಡಿ
೨೪ ಮೇ ೧೯೪೬

ಪಾಂಡು,

ಓದಿ ಹೇಳಿದೆ. ಬೈಯುವುದಿದ್ದರೆ ಬೈದುಕೋ. ಗಿರಣಿಯ ಸುದ್ದಿಯನ್ನೇ ಹೇಳಲು ಹೊರಟಿದ್ದೆ, ಎರಡು ಪುಟದ ಕಾಗದದಲ್ಲಿ ಅಷ್ಟೇ ಇದೆಯೇ ಎಂದು ಕೇಳಿದ. ನನಗೂ ಸುಳ್ಳು ಹೇಳಿ ಸಾಕಾಗಿದೆ.

ಅವನು ಅಂಗಳದಲ್ಲಿ ಬಲೆ ಹೆಣೆಯುತ್ತಿದ್ದ. ಓದುವಾಗ ಕೈ ನಿಲ್ಲಲಿಲ್ಲ. ಮುಗಿದ ಮೇಲೂ ಸುಮಾರು ಹೊತ್ತು ಹೆಣೆದ. ನಾನು ಅತ್ತುಬಿಟ್ಟೆ. ನನ್ನ ಮೇಲೆ ಸಿಟ್ಟು, ನಿನ್ನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು. ನಗಲಿ ಎಂದು ಬರೆದದ್ದನ್ನು ಎದೆಗೆ ಕಟ್ಟಿಕೊಂಡು ತಿರುಗಿದೆಯಲ್ಲ, ಒಂದು ಮಾತು ಹೇಳಬಾರದಿತ್ತೇ? ಆ ಹಗ್ಗದ ಎದುರು ನಿಂತಿದ್ದಾಗ ನಿನಗೆ ಏನಾದರೂ ಆಗಿದ್ದರೆ ನಾನು ಬದುಕಿರುತ್ತಿದ್ದೆನೇ?

ಕೊನೆಗೆ ಅಪ್ಪ ಬಲೆ ಕೆಳಗಿಟ್ಟು ಕೇಳಿದ.

“ಹಗ್ಗ ಕೊಯ್ದ್ನೋ, ಬಿಚ್ಚಿ ಇಳಿಸಿದ್ನೋ?”

ನನಗೆ ಗೊತ್ತಿಲ್ಲ, ಬರೆದಿಲ್ಲ ಎಂದೆ. ಹಗ್ಗ ಕೊಯ್ಯುವುದು ಪುಂಡರ ಕೆಲಸವಂತೆ. ಬಾವುಟ ಯಾರದ್ದೇ ಇರಲಿ, ಕೆಲಸ ಕಲಿತವ ಗಂಟು ಬಿಚ್ಚಿ, ಎರಡು ಕೈಯಲ್ಲಿ ತೆಗೆದುಕೊಂಡು, ಮಡಚಿ ಇಡುತ್ತಾನಂತೆ. ಅಷ್ಟು ಹೇಳಿ, ಅಂವ ಬರ್ಲಿ, ಅಂವನ ಬಾಯಲ್ಲೇ ಕೇಳ್ತೆ ಎಂದು ಎದ್ದು ಕೈಕಾಲು ತೊಳೆಯಲು ಹೋದ. ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ.

ಮಳೆ ಶುರುವಾದರೆ ಮುಂಬಯಿಯಿಂದ ಬರುವ ಹಡಗು ನಿಲ್ಲುತ್ತದೆ, ಅದಕ್ಕೆ ಮೊದಲು ಹೊರಡು. ಈ ಕಾಗದಕ್ಕೆ ಉತ್ತರ ಬರೆಯಬೇಡ.

ನಿನ್ನ ಅಕ್ಕ
ನರ್ಮದಾ